ಅನ್ನವುಂಟು, ಪಾಲಿಲ್ಲ: ಶರಣಪರಂಪರೆಯಲ್ಲಿ ಅಂಗವಿಕಲರ ಸ್ಥಾನ

ಬಸವಣ್ಣನವರ ಪ್ರಸಿದ್ಧ ವಚನಗಳಲ್ಲೊಂದು ಕೂಡಲಸಂಗಮದೇವನ ಮುಂದೆ ಅಪೂರ್ವವಾದ ಬೇಡಿಕೆಯನ್ನಿಡುತ್ತದೆ. ಲೋಕವು ದೇವರಲ್ಲಿ ಕಣ್ಣು ಕೊಡು, ಕಾಲಿಗೆ ಬಲ ಕೊಡು ಎಂದು ಬೇಡುತ್ತದೆ. ಬಸವಣ್ಣನವರಾದರೋ ತಮ್ಮನ್ನು ನಡೆಯಲಾರದವನನ್ನಾಗಿ, ನೋಡಲಾರದವನನ್ನಾಗಿ, ಕೇಳಲಾರದವನನ್ನಾಗಿ ಮಾಡಬೇಕೆಂದು ಪ್ರಾರ್ಥಿಸುತ್ತಾರೆ. ಶರಣರ ಪಾದದ ಹೊರತು ಬೇರೆಲ್ಲಿಯೂ ಮನಸ್ಸು ಹರಿಯಬಾರದೆಂಬುದೇ ಅದರ ಉದ್ದೇಶ. ಶ್ರಾವಣಮಾಸದ ಪ್ರವಚನಗಳಲ್ಲಿ ಈ ವಚನವನ್ನು ಇಂದ್ರಿಯನಿಗ್ರಹದ ನಿದರ್ಶನವಾಗಿ ವಿವರಿಸುವುದು ವಾಡಿಕೆ. ಆ ವಿವರಣೆಯಲ್ಲಿ ತಪ್ಪೇನೂ ಇಲ್ಲ. ಆದರೆ ಪ್ರವಚನದ ಸಭೆಯಲ್ಲಿ ಊರುಗೋಲನ್ನು ಪಕ್ಕಕ್ಕಿಟ್ಟು ಕುಳಿತ ಭಕ್ತನೊಬ್ಬನಿರುತ್ತಾನೆ. ತಾಯಿಯ ಕೈಹಿಡಿದು ಬಂದ, ಹುಟ್ಟಿನಿಂದಲೇ ದೃಷ್ಟಿಯಿಲ್ಲದ ಮಗಳೊಬ್ಬಳಿರುತ್ತಾಳೆ. ಅವರು ಈ ವಚನವನ್ನು ಹೇಗೆ ಕೇಳಿಸಿಕೊಳ್ಳುತ್ತಾರೆ? ಅಣ್ಣನವರು ಬೇಡಿ ಪಡೆಯಬಯಸಿದ ಸ್ಥಿತಿ ಅವರಿಗೆ ಬೇಡದೆಯೇ ಬಂದಿದೆ. ಹಾಗೆಂದು ಲೋಕವು ಅವರನ್ನು ಭಕ್ತಿಯ ಶಿಖರದಲ್ಲಿ ಕೂರಿಸಿಲ್ಲ. ಬಾಗಿಲ ಬಳಿ ಕೂರಿಸಿದೆ.

ಈ ಪ್ರಶ್ನೆಗೆ ಉತ್ತರವನ್ನು ವಚನದ ಒಳಗೆ ಮಾತ್ರ ಹುಡುಕಿದರೆ ಸಾಲದು, ಇತಿಹಾಸದಲ್ಲಿಯೂ ಹುಡುಕಬೇಕಾಗುತ್ತದೆ.

ಬಸವಣ್ಣನವರ ಕಾರ್ಯಕ್ಷೇತ್ರವಾದ ಕಲ್ಯಾಣವು ಅನುಭವಮಂಟಪಕ್ಕಿಂತ ಮೊದಲೇ ಮತ್ತೊಂದು ಕಾರಣಕ್ಕೆ ಭಾರತದಾದ್ಯಂತ ಹೆಸರಾಗಿತ್ತು. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಅಂದರೆ ಹನ್ನೊಂದನೆಯ ಶತಮಾನದ ಕೊನೆ ಹಾಗೂ ಹನ್ನೆರಡನೆಯ ಶತಮಾನದ ಆದಿಭಾಗದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ರಚಿಸಿದ್ದು ಇದೇ ನಗರದಲ್ಲಿ. ಆಸ್ತಿಯ ಹಂಚಿಕೆಯ ವಿಷಯದಲ್ಲಿ ದೇಶದ ಬಹುಭಾಗಕ್ಕೆ ಪ್ರಮಾಣವಾದ ಗ್ರಂಥವದು. ಅದರ ದಾಯಭಾಗದ ಪ್ರಕರಣದಲ್ಲಿ, ಪಿತ್ರಾರ್ಜಿತದಲ್ಲಿ ಪಾಲಿಗೆ ಅರ್ಹರಲ್ಲದವರ ಪಟ್ಟಿಯೊಂದಿದೆ. ಪತಿತನ ಜೊತೆಯಲ್ಲಿಯೇ ಪಂಗು, ಉನ್ಮತ್ತ, ಜಡ, ಅಂಧ, ವಾಸಿಯಾಗದ ರೋಗವುಳ್ಳವನು ಇವರೆಲ್ಲರೂ ಆ ಪಟ್ಟಿಯಲ್ಲಿ ಬರುತ್ತಾರೆ. ಇವರಿಗೆ ಪಾಲು ಸಲ್ಲದು. ಆದರೆ ಜೀವನಪರ್ಯಂತ ಅನ್ನವಸ್ತ್ರ ಕೊಟ್ಟು ಪೋಷಿಸಬೇಕು. ಮನುಸ್ಮೃತಿಯ ಮಾತೂ ಇದೇ. ಶಾಸ್ತ್ರಕಾರರನ್ನು ಕ್ರೂರಿಗಳೆಂದು ಜರೆದುಬಿಡುವುದು ಸುಲಭ. ಆದರೆ ಪೋಷಿಸದಿದ್ದರೆ ದೋಷವೆಂದೂ ಅವರೇ ಹೇಳಿದ್ದಾರೆ ಎಂಬುದನ್ನು ಮರೆಯಬಾರದು. ಅವರ ಕಣ್ಣಿಗೆ ಅಂಗವಿಕಲನು ಉಣಿಸಬೇಕಾದ ಒಂದು ಬಾಯಿ. ಮನೆಯ ಬದುಕಿನಲ್ಲಿ ಹಕ್ಕಿನಿಂದ ಮಾತನಾಡುವ ಬಾಯಿ ಅದಲ್ಲ. ಅನ್ನವುಂಟು, ಪಾಲಿಲ್ಲ.

ಇದೇ ಮನೋಭಾವದ ಉದಾತ್ತ ರೂಪವು ಅದೇ ಶತಮಾನದ ಬಳ್ಳಿಗಾವಿಯಲ್ಲಿ ಕಾಣುತ್ತದೆ. ಬಿಜ್ಜಳನ ಕಾಲದ, 1162ರ ಶಾಸನವೊಂದು ಅಲ್ಲಿಯ ಕೇದಾರೇಶ್ವರ ಸನ್ನಿಧಿಯ ಕೋಡಿಯ ಮಠವನ್ನು ವರ್ಣಿಸುತ್ತದೆ. ಕಾಳಾಮುಖ ಶೈವರ ಆ ಮಠದಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿತ್ತು, ರೋಗಿಗಳಿಗೆ ಔಷಧೋಪಚಾರವಿತ್ತು, ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ನಿತ್ಯವೂ ಅನ್ನದಾನವಾಗುತ್ತಿತ್ತು. ಬಸವಣ್ಣನವರ ವಚನದಲ್ಲಿ ಬರುವ ಮೂರು ವಿಧದ ಜನರೂ ಆ ಶಾಸನದ ಅನ್ನದ ಪಂಕ್ತಿಯಲ್ಲಿ ಒಟ್ಟಿಗೆ ಕುಳಿತಿದ್ದಾರೆ. ಕುರುಗೋಡು ಆಗ ಸಿಂದ ಅರಸರ ರಾಜಧಾನಿ. ಹನ್ನೆರಡನೆಯ ಶತಮಾನದ ಶಿವಾಲಯಗಳು ಅಲ್ಲಿ ಇಂದಿಗೂ ನಿಂತಿವೆ. ಅವು ಶೈವ ಆಚಾರ್ಯರಿಗೆ ಸಂದ ದಾನದತ್ತಿಗಳ ಕಾಲಕ್ಕೆ ಸೇರಿದವು. ಆ ಕಾಲದ ಶೈವಮಠವೆಂದರೆ ವಿದ್ಯೆಯ ಜೊತೆಗೆ ಅನ್ನವೂ ದೊರಕುವ ಸ್ಥಳ. ಆದರೆ ಅಲ್ಲಿಯೂ ಅಂಧನು ಉಂಡೆದ್ದು ಹೋಗುವವನು. ಆಚಾರ್ಯಪದವಿಗೆ ಅಂಗದೋಷವಿಲ್ಲದ ದೇಹ ಬೇಕೆಂಬುದು ಶೈವಾಗಮಗಳ ಸಾಮಾನ್ಯ ನಿಲುವು. ಪಂಕ್ತಿಗೂ ಪೀಠಕ್ಕೂ ನಡುವೆ ದೊಡ್ಡ ಅಂತರವಿತ್ತು.

ಈ ಹಿನ್ನೆಲೆಯಲ್ಲಿ ವಚನವನ್ನು ಮತ್ತೊಮ್ಮೆ ನೋಡಬೇಕು. ಮಿತಾಕ್ಷರಾ ಹುಟ್ಟಿದ ನಗರದಲ್ಲಿ, ಅದಾಗಿ ಎರಡು ತಲೆಮಾರು ಕಳೆಯುವಷ್ಟರಲ್ಲಿ, ರಾಜ್ಯದ ಭಂಡಾರವನ್ನು ನೋಡಿಕೊಳ್ಳುತ್ತಿದ್ದ ಅಧಿಕಾರಿಯೊಬ್ಬರು ತಮ್ಮನ್ನು ಪಂಗುವಾಗಿಸು, ಅಂಧನಾಗಿಸು ಎಂದು ಬಹಿರಂಗವಾಗಿ ಬೇಡುತ್ತಾರೆ. ಪಾಲಿಲ್ಲದವರ ಪಟ್ಟಿಗೆ ತಮ್ಮ ಹೆಸರನ್ನು ತಾವೇ ಸೇರಿಸಿಕೊಳ್ಳುತ್ತಾರೆ. ಮಾದಾರ ಚೆನ್ನಯ್ಯನ ಮನೆಯ ಮಗನೆಂದು ಕರೆದುಕೊಂಡವರಿಗೆ ಇದು ಹೊಸದಲ್ಲ. ಲೋಕವು ಯಾರನ್ನು ಕೀಳೆಂದಿತೋ ಅವರ ಸಾಲಿನಲ್ಲಿ ಹೋಗಿ ನಿಲ್ಲುವುದು ಅವರ ರೀತಿ. ಕುಲದ ವಿಷಯದಲ್ಲಿ ಈ ಅರ್ಥವನ್ನು ವ್ಯಾಖ್ಯಾನಕಾರರು ಬಹುಬೇಗ ಗುರುತಿಸಿದರು. ದೇಹದ ವಿಷಯದಲ್ಲಿ ಗುರುತಿಸಲಿಲ್ಲವೆಂಬುದು ಖೇದದ ಸಂಗತಿ. ಆ ವಚನದ ಕಣ್ಣು-ಕಿವಿಗಳು ರೂಪಕವೆಂದು ಹೇಳಿ, ನಿಜವಾದ ಕಣ್ಣು-ಕಿವಿಗಳ ಮಾತನ್ನು ಅಲ್ಲಿಗೇ ಬಿಟ್ಟುಬಿಟ್ಟರು.

'ಹೆಳವ' ಎಂಬ ಶಬ್ದಕ್ಕೆ ಬಳ್ಳಾರಿ ಸೀಮೆಯಲ್ಲಿ ಮತ್ತೊಂದು ಇತಿಹಾಸವೂ ಉಂಟು. ಕಾಲಿಲ್ಲದವನೆಂಬುದು ಅದರ ಅರ್ಥ. ಆದರೆ ಹಳ್ಳಿಗಳ ಹಿರಿಯರಿಗೆ ಹೆಳವನೆಂದರೆ ಮನೆತನಗಳ ವಂಶಾವಳಿಯನ್ನು ಹೇಳುವವನು. 1909ರಲ್ಲಿ ಪ್ರಕಟವಾದ, ದಕ್ಷಿಣ ಭಾರತದ ಜಾತಿಬುಡಕಟ್ಟುಗಳನ್ನು ಕುರಿತ ಥರ್ಸ್ಟನ್ನನ ಬೃಹತ್ ಗ್ರಂಥದಲ್ಲಿ, ಬಳ್ಳಾರಿಯನ್ನೊಳಗೊಂಡ ದತ್ತಮಂಡಲದ ಹೆಳವರ ವಿವರಣೆ ದೊರೆಯುತ್ತದೆ. ಅವರು ಎತ್ತಿನ ಮೇಲೆ ಕುಳಿತು, ಕಾಲುಗಳನ್ನು ಕಂಬಳಿಯಲ್ಲಿ ಮುಚ್ಚಿಕೊಂಡು ಊರೊಳಗೆ ಬರುತ್ತಿದ್ದರು. ಮನೆಮನೆಯ ಮುಂದೆ ನಿಂತು ಆ ಮನೆತನದ ಮೂಲವನ್ನು, ಯುದ್ಧದಲ್ಲಿ ಮಡಿದ ವೀರರ ಹೆಸರುಗಳನ್ನು ಹೇಳುತ್ತಿದ್ದರು. ಮೂಲಪುರುಷನು ಕಾಲಿಲ್ಲದವನಾಗಿದ್ದನೆಂಬ ನಂಬಿಕೆಯಿಂದ ಈ ಹೆಸರು ಬಂದಿದೆ. ಎಲ್ಲ ಹೆಳವರಿಗೂ ಕಾಲಿಲ್ಲವೆಂದಲ್ಲ. ನಡೆಯಬಲ್ಲವನೂ ಕಂಬಳಿ ಹೊದ್ದು ಎತ್ತಿನ ಮೇಲೆ ಕುಳಿತೇ ಊರು ಪ್ರವೇಶಿಸುತ್ತಿದ್ದ. ಕಾಲಿಲ್ಲದಿರುವುದು ಅಲ್ಲಿ ವೃತ್ತಿಯ ಲಾಂಛನವಾಯಿತು. ಕುರುಗೋಡು, ಸಿರುಗುಪ್ಪದಂಥ ಬೇಸಾಯದ ಸೀಮೆಯಲ್ಲಿ ಒಕ್ಕಲುಮನೆಯ ಮುತ್ತಜ್ಜನ ಹೆಸರು ಮನೆಯವರಿಗೇ ಮರೆತಿದ್ದರೂ ಹೆಳವನ ಬಾಯಲ್ಲಿ ಅದು ಉಳಿದಿರುತ್ತಿತ್ತು. ಆಸ್ತಿಯ ವ್ಯಾಜ್ಯದಲ್ಲಿ, ಬೀಗತನದ ಮಾತುಕತೆಯಲ್ಲಿ ಅವನ ನುಡಿಗೆ ತೂಕವಿತ್ತು. ಯಾರ ಮೂಲಪುರುಷನು ಶಾಸ್ತ್ರದ ಪ್ರಕಾರ ಪಾಲಿಗೆ ಅನರ್ಹನೋ ಅಂಥವನ ಸಂತತಿಯೇ ಊರವರ ಪಾಲುಗಳಿಗೆ ಸಾಕ್ಷಿಯಾದದ್ದು ಇತಿಹಾಸದ ಒಂದು ವಿನೋದ.

ಹೆಳವರ ಕಥೆ ಹೃದ್ಯವಾಗಿದೆಯೆಂದು ಬ್ರಿಟಿಷರ ಕಾಲದ ಬಳ್ಳಾರಿ ಸೀಮೆಯಲ್ಲಿ ಎಲ್ಲರ ಬಾಳೂ ಹಾಗಿತ್ತೆಂದು ಭಾವಿಸುವಂತಿಲ್ಲ. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಮದ್ರಾಸ್ ಪ್ರಾಂತದ ಜಿಲ್ಲೆಗಳ ಪೈಕಿ ಅತಿ ಹೆಚ್ಚಾಗಿ ನಲುಗಿದವುಗಳಲ್ಲಿ ಬಳ್ಳಾರಿಯೂ ಒಂದು. 1871ರ ಗಣತಿಗೂ 1881ರ ಗಣತಿಗೂ ನಡುವೆ ಜಿಲ್ಲೆಯ ಜನಸಂಖ್ಯೆ ಐದರಲ್ಲೊಂದು ಪಾಲಿನಷ್ಟು ಕುಸಿಯಿತು. ಕೈಕಾಲು ಗಟ್ಟಿಯಿದ್ದವರನ್ನು ರಸ್ತೆ, ಕೆರೆಗಳ ಕಾಮಗಾರಿಗೆ ಕಳಿಸಿ ಕೂಲಿ ಕೊಡುವುದು ಸರ್ಕಾರದ ಪದ್ಧತಿಯಾಗಿತ್ತು. ಮಣ್ಣು ಹೊರಲಾರದ ಕುರುಡರು, ಕುಂಟರು, ಬುದ್ಧಿಮಾಂದ್ಯರು ಧರ್ಮಾರ್ಥದ ನೆರವಿನ ಪಟ್ಟಿಗೆ ಸೇರುತ್ತಿದ್ದರು. ಕ್ಷಾಮದ ನಂತರ ರೂಪುಗೊಂಡ ನಿಯಮಸಂಹಿತೆಗಳು ಇದನ್ನೇ ಶಾಶ್ವತಗೊಳಿಸಿದವು. ಜನಗಣತಿಯವರೂ ಬಂದರು. 1872ರಿಂದ 1931ರವರೆಗಿನ ಪ್ರತಿಯೊಂದು ಗಣತಿಯೂ ಉನ್ಮತ್ತರು, ಕಿವುಡು-ಮೂಕರು, ಕುರುಡರು, ಕುಷ್ಠರೋಗಿಗಳು ಎಂಬ ಗುಂಪುಗಳನ್ನು ಎಣಿಸಿತು. ತಮ್ಮ ಮನೆಯ ಮಗುವಿನ ಮಾನಸಿಕ ಕೊರತೆಯನ್ನು ಗಣತಿದಾರನ ಮುಂದೆ ಒಪ್ಪಿಕೊಳ್ಳಲು ಕುಟುಂಬಗಳು ಹಿಂಜರಿಯುತ್ತವೆಂದು ಆ ಕಾಲದ ವರದಿಗಳೇ ಮರುಗಿವೆ. ಆ ಹಿಂಜರಿಕೆಯ ವಯಸ್ಸು ನೂರೈವತ್ತು ವರ್ಷ ದಾಟಿದೆ.

ಇತ್ತ ನ್ಯಾಯಾಲಯಗಳಲ್ಲಿ ಮಿತಾಕ್ಷರಾ ಆಳುತ್ತಲೇ ಇತ್ತು. ಲಿಂಗವಂತರ ಆಸ್ತಿವ್ಯಾಜ್ಯಗಳನ್ನೂ ಬ್ರಿಟಿಷ್ ನ್ಯಾಯಾಲಯಗಳು ಹಿಂದೂ ನ್ಯಾಯದಡಿಯಲ್ಲಿಯೇ ತೀರ್ಮಾನಿಸುತ್ತಿದ್ದವು. ಹೀಗಾಗಿ ಕಲ್ಯಾಣದ ಪಂಡಿತನು ಬರೆದ ವಾಕ್ಯವು ಎಂಟು ಶತಮಾನಗಳ ಬಳಿಕವೂ ಇಷ್ಟಲಿಂಗ ಧರಿಸಿದ ಹುಟ್ಟುಗುರುಡನ ಪಾಲನ್ನು ಕಸಿಯಬಹುದಾಗಿತ್ತು. 1928ರಲ್ಲಿ ಬಂದ ಕಾಯಿದೆಯೊಂದು, ಮಿತಾಕ್ಷರಾಕ್ಕೆ ಒಳಪಟ್ಟ ಕುಟುಂಬಗಳಲ್ಲಿ ರೋಗ ಅಥವಾ ಅಂಗವೈಕಲ್ಯದ ಒಂದೇ ಕಾರಣಕ್ಕಾಗಿ ಯಾರನ್ನೂ ದಾಯದಿಂದ ಹೊರಗಿಡಬಾರದೆಂದು ವಿಧಿಸಿತು. ಕುರುಡನಿಗೆ, ಕುಂಟನಿಗೆ, ಕಿವುಡನಿಗೆ ಪಾಲು ದೊರಕಿತು. ಆದರೆ ಆ ಕಾಯಿದೆ ಒಂದು ವರ್ಗವನ್ನು ಬಾಗಿಲ ಹೊರಗೇ ನಿಲ್ಲಿಸಿತು. ಹುಟ್ಟಿನಿಂದಲೇ ಚಿತ್ತಸ್ವಾಸ್ಥ್ಯವಿಲ್ಲದವನಿಗೆ ಮತ್ತು ಹುಟ್ಟಿನಿಂದಲೇ ಬುದ್ಧಿ ಬೆಳೆಯದವನಿಗೆ ಆಗಲೂ ಪಾಲಿಲ್ಲ. ಅವರಿಗೂ ಸಮಾನ ಹಕ್ಕು ಸಿಕ್ಕಿದ್ದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಿಂದ. ಅಷ್ಟರಲ್ಲಿ, 1953ರ ಅಕ್ಟೋಬರ್ 1ರಂದು, ಬಳ್ಳಾರಿಯು ಮದ್ರಾಸ್ ರಾಜ್ಯದಿಂದ ಬೇರ್ಪಟ್ಟು ಮೈಸೂರು ರಾಜ್ಯವನ್ನು ಸೇರಿತ್ತು. ಸಮಾಜವು ದೇಹದ ಕೊರತೆಯನ್ನು ಮೊದಲು ಒಪ್ಪಿತು. ಚಿತ್ತದ ಭಿನ್ನತೆಯನ್ನು ಒಪ್ಪಲು ಕಾಯಿದೆಯ ಪುಸ್ತಕದಲ್ಲಿಯೇ ಇನ್ನೂ 28 ವರ್ಷ ಬೇಕಾಯಿತು. ಕಾಯಿದೆಯ ಹೊರಗೆ ಎಷ್ಟು ವರ್ಷ ಬೇಕಾದೀತೆಂಬ ಲೆಕ್ಕ ಇನ್ನೂ ಮುಗಿದಿಲ್ಲ.

ಚಿತ್ತದ ಭಿನ್ನತೆಯ ವಿಷಯದಲ್ಲಿ ಶಿವಶರಣರ ಪುರಾಣಗಳಲ್ಲಿರುವ ಸಂಪತ್ತಿನ ಕಡೆಗೆ ಸಾಕಷ್ಟು ಲಕ್ಷ್ಯ ಹೋಗಿಲ್ಲ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿಯೂ, ಅದನ್ನನುಸರಿಸಿ ಭೀಮಕವಿಯು 1369ರಲ್ಲಿ ರಚಿಸಿದ ಕನ್ನಡ ಬಸವಪುರಾಣದಲ್ಲಿಯೂ 'ಮುಗ್ಧ'ಭಕ್ತರ ಕಥೆಗಳ ಒಂದು ಸಾಲೇ ಇದೆ. ರುದ್ರಪಶುಪತಿಯು ಪುರಾಣಶ್ರವಣ ಮಾಡುತ್ತಿದ್ದಾಗ ಶಿವನು ವಿಷ ಕುಡಿದನೆಂಬ ಮಾತು ಕಿವಿಗೆ ಬೀಳುತ್ತದೆ. ಸಭೆಯಲ್ಲಿದ್ದವರಿಗೆ ಅದು ಹಳೆಯ ಕಥೆ. ಅವನಿಗೆ ಅದು ಆ ಕ್ಷಣದ ಸುದ್ದಿ. ವಿಷ ಕುಡಿದವನು ಬದುಕುವುದುಂಟೆ ಎಂದು ಎದೆಯೊಡೆದುಕೊಂಡು ನೀರಿಗೆ ಹಾರುತ್ತಾನೆ. ಶಿವನೇ ಬಂದು ಸಮಾಧಾನ ಹೇಳಿದರೂ ನಂಬಿಕೆ ಬಾರದೆ, ಕಂಠದಲ್ಲಿರುವ ವಿಷ ಕೆಳಗಿಳಿಯದಂತೆ ಕಾಯುತ್ತ ಅವನ ತೊಡೆಯ ಮೇಲೆಯೇ ಕುಳಿತುಬಿಡುತ್ತಾನೆ. ಕೊಡಗೂಸು ಎಂಬ ಬಾಲಿಕೆಗೆ ತಂದೆಯು ದೇವರಿಗೆ ಹಾಲು ಕುಡಿಸಿ ಬಾ ಎಂದು ಹೇಳಿಹೋಗುತ್ತಾನೆ. ಆ ಮಗು ಮಾತನ್ನು ಇದ್ದಂತೆಯೇ ಗ್ರಹಿಸುತ್ತದೆ. ಲಿಂಗವು ಕುಡಿಯಲಿಲ್ಲವೆಂದು ಅತ್ತು, ಪ್ರಾಣ ಬಿಡಲೂ ಸಿದ್ಧವಾಗುತ್ತದೆ. ಬೆಜ್ಜಮಹಾದೇವಿಗೆ ಶಿವನಿಗೆ ತಾಯಿಯಿಲ್ಲವೆಂಬುದೇ ತಡೆಯಲಾರದ ದುಃಖ. ತಾನೇ ತಾಯಾಗಿ ಅವನಿಗೆ ಎಣ್ಣೆ ನೀರು ಎರೆಯುತ್ತಾಳೆ. ಮುಗ್ಧ ಸಂಗಯ್ಯನು ಕಲ್ಯಾಣದಲ್ಲಿ ಸೂಳೆಯ ಮನೆಗೆ ಹೋಗಿಯೂ ಅಲ್ಲಿ ಕಂಡ ಪ್ರತಿಯೊಂದು ವಸ್ತುವನ್ನೂ ಶಿವಪೂಜೆಯ ಸಾಮಗ್ರಿಯೆಂದೇ ತಿಳಿದು ರಾತ್ರಿಯೆಲ್ಲ ಪೂಜೆಯಲ್ಲಿಯೇ ಕಳೆಯುತ್ತಾನೆ.

ಈ ಪುಣ್ಯಪುರುಷರಿಗೆ ಇಂದಿನ ವೈದ್ಯಶಾಸ್ತ್ರದ ಹೆಸರು ಹಚ್ಚುವುದು ಸಲ್ಲದ ಕೆಲಸ. ಕಥೆಯಲ್ಲಿರುವವರಿಗೆ ವೈದ್ಯಪರೀಕ್ಷೆ ಮಾಡಲಾಗದು; ಮಾಡಿದರೆ ಭಕ್ತಿಯೂ ಹೋಗುತ್ತದೆ, ವೈದ್ಯವೂ ಹೋಗುತ್ತದೆ. ಗಮನಿಸಬೇಕಾದದ್ದು ಆ ಕಥೆಗಳನ್ನು ಕಟ್ಟಿ ಉಳಿಸಿಕೊಂಡ ಸಮುದಾಯವನ್ನು. ಮಾತಿನ ವಾಚ್ಯಾರ್ಥವನ್ನಷ್ಟೇ ಹಿಡಿಯುವವರು, ಒಂದೇ ವಿಷಯಕ್ಕೆ ಅಂಟಿ ಬಿಡದವರು, ಲೋಕದ ಸಂಕೇತಗಳನ್ನು ಓದಲಾರದವರು ಎಲ್ಲ ಕಾಲದ ಎಲ್ಲ ಊರುಗಳಲ್ಲಿಯೂ ಇದ್ದಾರೆ. ಸಾಮಾನ್ಯವಾಗಿ ಊರು ಅವರನ್ನು ನೋಡಿ ನಗುತ್ತದೆ. ಪುರಾಣವೂ ಮೊದಲು ಸ್ವಲ್ಪ ನಗಿಸುತ್ತದೆ. ಸಂಗಯ್ಯನ ಕಥೆಯನ್ನು ನಗದೆ ಕೇಳಿದವರಿಲ್ಲ. ಆದರೆ ಕಥೆಯು ಅವನನ್ನು ತಿದ್ದುವುದಿಲ್ಲ. ನೀನು ತಪ್ಪು ತಿಳಿದೆ ಎಂದು ಯಾರೂ ಅವನಿಗೆ ಹೇಳುವುದಿಲ್ಲ. ಬದಲಾಗುವುದು ಸುತ್ತಲಿನವರು. ಕೊಡಗೂಸು ಹೇಳಿದ್ದನ್ನು ನಂಬದ ತಂದೆಯೇ ಕೊನೆಗೆ ತಲೆಬಾಗಬೇಕಾಗುತ್ತದೆ. ಹಂಪೆಯ ಹರಿಹರನು ರಗಳೆಯಲ್ಲಿ ಹಾಡಿದ ನಂಬಿಯಣ್ಣನ ಚರಿತ್ರೆಯ ಜೊತೆಗಿಟ್ಟು ನೋಡಿದರೆ ವ್ಯತ್ಯಾಸ ಎದ್ದುಕಾಣುತ್ತದೆ. ನಂಬಿಯಣ್ಣನು ಕೊಟ್ಟ ಮಾತನ್ನು ಮುರಿದುದಕ್ಕೆ ಕಣ್ಣು ಕಳೆದುಕೊಂಡನೆಂಬುದು ಪುರಾತನರ ಐತಿಹ್ಯ. ಕುರುಡುತನ ಅಲ್ಲಿ ದಂಡನೆ, ದೃಷ್ಟಿ ಮರಳಿ ಬಂದದ್ದು ಕೃಪೆ. ಪುರಾತನರಲ್ಲಿಯೇ ಹುಟ್ಟುಗುರುಡನಾದ ದಂಡಿಯೂ ಇದ್ದಾನೆ; ತಿರುವಾರೂರಿನ ಕೆರೆಯನ್ನು ಹಗ್ಗ ಹಿಡಿದು ಅಗೆದವನು. ಅವನ ಕಥೆಯೂ ಕಣ್ಣು ಬರುವುದರಲ್ಲಿಯೇ ಮುಗಿಯುತ್ತದೆ. ಪುರಾಣಕ್ಕೆ ಕಣ್ಣಿಲ್ಲದವನನ್ನು ಕಣ್ಣಿಲ್ಲದವನಾಗಿಯೇ ಉಳಿಸಿ ಹರಸಲು ಕಷ್ಟವಾಗಿದೆ. ಮುಗ್ಧನನ್ನು ಮಾತ್ರ ಮುಗ್ಧನಾಗಿಯೇ ಹರಸಿದೆ. ಕಾಯಿದೆಯು ಕೊನೆಗೆ ಒಪ್ಪಿದವರನ್ನು ಪುರಾಣವು ಮೊದಲೇ ಒಪ್ಪಿತ್ತು.

ಕಣ್ಣಿಲ್ಲದವನನ್ನು ಹಾಗೆಯೇ ಒಪ್ಪಿ ಪೀಠದ ಮೇಲೆ ಕೂರಿಸಿದ್ದು ಇಪ್ಪತ್ತನೆಯ ಶತಮಾನದ ಸಂಗತಿ. ಅದರ ಶ್ರೇಯಸ್ಸು ಹಾನಗಲ್ಲ ಕುಮಾರ ಶಿವಯೋಗಿಗಳಿಗೆ ಸಲ್ಲಬೇಕು. 1867ರಿಂದ 1930ರವರೆಗೆ ಬಾಳಿದ ಆ ಮಹಾತ್ಮರು 1909ರಲ್ಲಿ ಬಾದಾಮಿಯ ಬಳಿ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಮಠಗಳಿಗೆ ಯೋಗ್ಯ ವಟುಗಳನ್ನು ಸಿದ್ಧಪಡಿಸುವುದು ಅದರ ಕಾರ್ಯ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಗದಿಗೆಯ್ಯನಿಗೆ ಹುಟ್ಟಿನಿಂದಲೇ ದೃಷ್ಟಿಯಿರಲಿಲ್ಲ. ಅಣ್ಣ ಗುರುಬಸಯ್ಯನೂ ಅಂಧನೇ. ಈ ಇಬ್ಬರು ಬಾಲಕರನ್ನು ಶ್ರೀಗಳು ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಅನ್ನವಿಟ್ಟು ಸಾಕಿದ್ದರೆ ಬಳ್ಳಿಗಾವಿಯ ಮಠ ಮಾಡಿದಷ್ಟೇ ಆಗುತ್ತಿತ್ತು. ಅವರು ವಿದ್ಯೆ ಕೊಡಿಸಿದರು. ಗದಿಗೆಯ್ಯನು ಕರ್ನಾಟಕ ಸಂಗೀತವನ್ನು ಕಲಿತು, ನೀಲಕಂಠಬುವಾ ಅವರಲ್ಲಿ ಹಿಂದುಸ್ತಾನಿ ಸಂಗೀತವನ್ನೂ ಅಭ್ಯಾಸ ಮಾಡಿ, ಉಭಯ ಪದ್ಧತಿಗಳ ಗಾಯನಾಚಾರ್ಯ ಪಂಚಾಕ್ಷರಿ ಗವಾಯಿಗಳಾದರು. ಅಂಧ-ಅನಾಥ ಬಾಲಕರನ್ನು ಕೂಡಿಸಿಕೊಂಡು ಊರಿಂದೂರಿಗೆ ಸಂಚರಿಸುವ ಸಂಗೀತ ಪಾಠಶಾಲೆಯನ್ನು ನಡೆಸಿದರು. ಅದರ ಅನ್ನಕ್ಕಾಗಿ ನಾಟಕ ಕಂಪನಿಯೂ ಹುಟ್ಟಿತು. ಕೊನೆಗೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವು ನೆಲೆನಿಂತಿತು. 1944ರಲ್ಲಿ ಅವರು ಲಿಂಗೈಕ್ಯರಾದಾಗ ಆಶ್ರಮದ ಹೊಣೆ ಅವರ ಶಿಷ್ಯ ಪುಟ್ಟರಾಜ ಗವಾಯಿಗಳ ಹೆಗಲೇರಿತು.

1914ರಲ್ಲಿ ಜನಿಸಿ, ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡ ಪುಟ್ಟರಾಜರು 2010ರ ಸೆಪ್ಟೆಂಬರ್ 17ರಂದು ಲಿಂಗೈಕ್ಯರಾಗುವವರೆಗೆ, ಅಂದರೆ ಅರವತ್ತಾರು ವರ್ಷ, ಆ ಗುರುತರ ಸ್ಥಾನದಲ್ಲಿದ್ದರು. ಹಲವು ವಾದ್ಯಗಳನ್ನು ನುಡಿಸಿದರು. ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಕೃತಿಗಳನ್ನು ರಚಿಸಿದರು. ಹಿಂದಿಯಲ್ಲಿ ಬಸವಪುರಾಣವನ್ನೂ ಬರೆದರು. 2010ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂದಿತು. ಊರೂರಿನ ಭಕ್ತರು ಮಾಡಿದ ತುಲಾಭಾರದ ಹಣ ಆಶ್ರಮದ ಮಕ್ಕಳ ದಾಸೋಹಕ್ಕೆ ಹೋಯಿತು. ಇವೆಲ್ಲ ಭಕ್ತರು ಬಲ್ಲ ವಿಷಯಗಳೇ. ಸಾಮಾನ್ಯವಾಗಿ ಗಮನಕ್ಕೆ ಬಾರದ ಸಂಗತಿ ಬೇರೊಂದಿದೆ. ಅಂಗದೋಷವಿದ್ದವನಿಗೆ ಆಚಾರ್ಯತ್ವವಿಲ್ಲವೆಂದು ಆಗಮಗಳು ಹೇಳುತ್ತಿದ್ದ ಪರಂಪರೆಯಲ್ಲಿ, ಕಣ್ಣಿಲ್ಲದ ಗುರುವಿನ ಬಳಿಕ ಕಣ್ಣಿಲ್ಲದ ಶಿಷ್ಯನು ಪೀಠವೇರಿದನು. ಕಣ್ಣುಳ್ಳ ಲಕ್ಷಾಂತರ ಜನ ಆ ಪಾದಕ್ಕೆರಗಿದರು. ಯಾವ ಪಂಡಿತಸಭೆಯೂ ಸೇರಿ ನಿಯಮ ಬದಲಿಸಿದ್ದರಿಂದ ಇದು ಆಗಲಿಲ್ಲ. ಪುಟ್ಟರಾಜರು ತ್ರಿಕಾಲ ಲಿಂಗಪೂಜಾನಿಷ್ಠರಾಗಿದ್ದರು. ಕರಸ್ಥಲದ ಲಿಂಗದಲ್ಲಿ ದೃಷ್ಟಿ ನಿಲ್ಲಿಸುವುದೇ ಪೂಜೆಯ ತಿರುಳೆಂದು ಹೇಳುವವರಿಗೆ, ದೃಷ್ಟಿಯಿಲ್ಲದೆಯೂ ಆ ಪೂಜೆ ಪೂರ್ಣವಾಗುವುದೆಂಬುದು ಪ್ರತಿದಿನ ಮೂರು ಬಾರಿ ಪ್ರತ್ಯಕ್ಷವಾಯಿತು.

ಬಳ್ಳಾರಿ ಸೀಮೆಗೂ ಆ ಆಶ್ರಮಕ್ಕೂ ಇರುವ ನಂಟಿಗೆ ಒಂದು ಉಜ್ಜ್ವಲ ನಿದರ್ಶನ ಪಂಡಿತ ಎಂ. ವೆಂಕಟೇಶಕುಮಾರ್. ಸಂಡೂರು ಬಳಿಯ ಲಕ್ಷ್ಮೀಪುರದಲ್ಲಿ 1953ರಲ್ಲಿ ಜಾನಪದ ಗಾಯಕರ ಮನೆಯಲ್ಲಿ ಹುಟ್ಟಿದ ಅವರನ್ನು 1968ರಲ್ಲಿ ಗದಗಿಗೆ ಕರೆದೊಯ್ದವರು ಸೋದರಮಾವ, ಬಳ್ಳಾರಿಯ ರಂಗಕಲಾವಿದ ಬೆಳಗಲ್ಲು ವೀರಣ್ಣನವರು. ತೊಗಲುಗೊಂಬೆಯಾಟದಲ್ಲಿ ಹೆಸರಾಗಿದ್ದ ವೀರಣ್ಣನವರು 2023ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ವೆಂಕಟೇಶಕುಮಾರರು ಹನ್ನೆರಡು ವರ್ಷ ಆಶ್ರಮದಲ್ಲಿದ್ದು ಕಲಿತರು. 2016ರಲ್ಲಿ ಪದ್ಮಶ್ರೀ ಪುರಸ್ಕೃತರಾದರು. ಅವರಿಗೆ ದೃಷ್ಟಿಯ ಕೊರತೆಯಿಲ್ಲ. ಆಶ್ರಮದಲ್ಲಿ ಕಣ್ಣುಳ್ಳ ಬಾಲಕರೂ ಕಣ್ಣಿಲ್ಲದ ಬಾಲಕರೂ ಒಂದೇ ಪಂಕ್ತಿಯಲ್ಲಿ ಉಂಡು, ಒಂದೇ ಪಾಠದಲ್ಲಿ ಕುಳಿತರು. ಇಲ್ಲಿ ಕಲಿಸುವ ಗುರುವಿಗೇ ಕಣ್ಣಿಲ್ಲ. ಕಣ್ಣಿದ್ದುದರಿಂದ ಸ್ವರಸ್ಥಾನ ಸುಲಭವಾಗಿ ಸಿಕ್ಕುವಂತಿರಲಿಲ್ಲ. ಸರ್ಕಾರಿ ದಾಖಲೆಗಳಲ್ಲಿ 'ಸಮನ್ವಯ ಶಿಕ್ಷಣ' ಎಂಬ ಪದ ಬಳಕೆಗೆ ಬರುವ ಬಹು ಮೊದಲಿನ ಮಾತಿದು.

ಆದರೂ ಒಂದು ಸಂದೇಹವನ್ನು ಮುಚ್ಚಿಡಬಾರದು. ಅಂಧನಿಗೆ ಸಂಗೀತವೆಂಬ ಬಾಗಿಲು ತೆರೆದ ಮೇಲೆ, ಅಂಧನೆಂದರೆ ಗವಾಯಿಯೇ ಆಗಬೇಕೆಂಬ ಭಾವನೆ ಉತ್ತರ ಕರ್ನಾಟಕದಲ್ಲಿ ಬೇರೂರಿತು. ಕಂಠವಿಲ್ಲದ, ಲಯ ಹತ್ತದ ಅಂಧ ಬಾಲಕನ ಗತಿಯೇನು? ಪುಟ್ಟರಾಜರಂಥ ಅಸಾಮಾನ್ಯರಿಗೆ ಸಂದ ಗೌರವವು ಸಾಮಾನ್ಯನಿಗೂ ಸಂದಾಗ ಮಾತ್ರ ಅದು ಒಪ್ಪಿಗೆ. ಅಲ್ಲಿಯವರೆಗೆ ಅದು ಪ್ರತಿಭೆಗೆ ಕೊಟ್ಟ ಬೆಲೆ. ರುದ್ರಪಶುಪತಿಗೆ ಯಾವ ಪ್ರತಿಭೆಯೂ ಇರಲಿಲ್ಲ.

ಹೆಸರಿನ ಪ್ರಶ್ನೆಯೂ ಉಂಟು. 'ಅಂಗ' ಎಂಬುದಕ್ಕೆ ಷಟ್‌ಸ್ಥಲ ಸಿದ್ಧಾಂತದಲ್ಲಿ ಕೈಕಾಲುಗಳೆಂಬ ಅರ್ಥವಷ್ಟೇ ಇಲ್ಲ. ಲಿಂಗದೊಡನೆ ಸಾಮರಸ್ಯ ಹೊಂದಬೇಕಾದ ಜೀವನೇ ಅಂಗ. ಆ ಅರ್ಥದಲ್ಲಿ ಲಿಂಗದಿಂದ ದೂರವಾದ ಪ್ರತಿಯೊಬ್ಬನೂ ಅಂಗವಿಕಲನೇ. ಲಿಂಗವಂತನಾದ ಕುರುಡನು ಅಲ್ಲ. ಅಂಗವಿಕಲವೆಂಬುದು ನೋವಿನ ಮಾತಾಯಿತೆಂದು ಕರ್ನಾಟಕ ಸರ್ಕಾರವು 'ವಿಕಲಚೇತನ' ಎಂಬ ಪದವನ್ನು ರೂಢಿಗೆ ತಂದಿತು. ಸದುದ್ದೇಶವೇ ಸರಿ. ಆದರೆ ಶರಣರ ತತ್ತ್ವವನ್ನು ಬಲ್ಲವರಿಗೆ ಈ ಪದ ಇನ್ನೂ ತೊಡಕಿನದು. ಅಂಗಕ್ಕೆ ಊನ ಬರಬಹುದು. ಚೇತನಕ್ಕೆ ಊನ ಬರುವುದೆಂತು? ಇಷ್ಟಲಿಂಗವಾಗಿ ಅಂಗೈಗೆ ಬರುವುದು ಒಳಗಿನ ಚೈತನ್ಯವೇ ಆದರೆ, ಅದನ್ನು ವಿಕಲವೆನ್ನುವುದು ಲಿಂಗವನ್ನೇ ವಿಕಲವೆಂದಂತೆ. ಇಲಾಖೆಯ ಅರ್ಜಿಯಲ್ಲಿ ಆ ಪದವನ್ನು ತುಂಬದೆ ವಿಧಿಯಿಲ್ಲ. ಮಠದ ಮಾತಿನಲ್ಲಿ ಅದನ್ನು ಬಳಸಬೇಕಾದ ನಿರ್ಬಂಧವಿಲ್ಲ.

1995ರ ಕಾಯಿದೆ ಏಳು ವಿಧದ ವೈಕಲ್ಯಗಳನ್ನು ಗುರುತಿಸಿತ್ತು. ಆಟಿಸಂ ಅದರಲ್ಲಿ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ಆಟಿಸಂಗೆ ಹೆಸರು ದೊರೆಯಿತು. 2016ರಲ್ಲಿ ಬಂದು 2017ರ ಏಪ್ರಿಲ್‌ನಿಂದ ಜಾರಿಯಾದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯು 21 ವಿಧಗಳನ್ನು ಒಪ್ಪಿತು. ಆಟಿಸಂ, ಕಲಿಕಾ ನ್ಯೂನತೆ, ಬೌದ್ಧಿಕ ಅಸಾಮರ್ಥ್ಯ ಇವೆಲ್ಲವೂ ಅದರಲ್ಲಿ ಸೇರಿದವು. 2011ರ ಗಣತಿಯಲ್ಲಿ ಕರ್ನಾಟಕದಲ್ಲಿ 13 ಲಕ್ಷ 24 ಸಾವಿರ ಅಂಗವಿಕಲರನ್ನು ಎಣಿಸಲಾಗಿತ್ತು. ಆಗಿನ ನಮೂನೆಯಲ್ಲಿ ಆಟಿಸಂಗೆ ಬೇರೆ ಅಂಕಣವಿರಲಿಲ್ಲ. ಗ್ರಾಮಪಂಚಾಯಿತಿಗೊಬ್ಬ ಪುನರ್ವಸತಿ ಕಾರ್ಯಕರ್ತನನ್ನು, ಅದೂ ಅಂಗವಿಕಲರಲ್ಲಿಯೇ ಒಬ್ಬರನ್ನು, ನೇಮಿಸುವ ಪದ್ಧತಿ ರಾಜ್ಯದಲ್ಲಿದೆ. ಸಿರುಗುಪ್ಪದ ನದಿತೀರದ ಹಳ್ಳಿಯಲ್ಲಾಗಲಿ ಕುರುಗೋಡಿನ ಬಯಲ ಹಳ್ಳಿಯಲ್ಲಾಗಲಿ ಮಾತು ಬಾರದ ಮಗುವಿನ ಮನೆಗೆ ಮೊದಲು ಬರುವುದು ಆ ಕಾರ್ಯಕರ್ತ. ಮಗುವನ್ನು ದೊಡ್ಡಾಸ್ಪತ್ರೆಯ ವೈದ್ಯರಿಗೆ ತೋರಿಸಲು ಜಿಲ್ಲಾಕೇಂದ್ರವಾದ ಬಳ್ಳಾರಿಗೇ ಬರಬೇಕು. ಸಿರುಗುಪ್ಪದವರಿಗೆ ಅದು ಐವತ್ತು ಕಿಲೋಮೀಟರಿಗೂ ಮೀರಿದ ದಾರಿ. ಬಸ್ಸಿನ ಸದ್ದನ್ನೇ ಸಹಿಸದ ಮಗುವಿಗೆ ಅದು ಇನ್ನೂ ದೂರ.

ಅಂಥ ಮಗುವಿಗೆ ಲಿಂಗದೀಕ್ಷೆ ಕೊಡಬಹುದೇ ಎಂಬ ಪ್ರಶ್ನೆಯನ್ನು ತಂದೆತಾಯಿಗಳು ಅಳುಕಿನಿಂದಲೇ ಕೇಳುತ್ತಾರೆ. ಮಂತ್ರವನ್ನು ಮಗು ಹೇಳಲಾರದು. ಹಣೆಗೆ ವಿಭೂತಿ ತಾಗಿದರೆ ಚೀರುತ್ತದೆ. ಪೂಜೆಗೆ ಒಂದು ನಿಮಿಷ ಕೂರಲಾರದು. ಸಿದ್ಧಾಂತವು ದೀಕ್ಷೆಯನ್ನು ಮೂರಾಗಿ ವಿಂಗಡಿಸಿದೆ. ಗುರುವು ಹಸ್ತವನ್ನು ಮಸ್ತಕದ ಮೇಲಿಡುವುದು ವೇಧಾದೀಕ್ಷೆ. ಕಿವಿಯಲ್ಲಿ ಪಂಚಾಕ್ಷರಿಯನ್ನು ಉಪದೇಶಿಸುವುದು ಮಂತ್ರದೀಕ್ಷೆ. ಕರಸ್ಥಲಕ್ಕೆ ಲಿಂಗವನ್ನು ಕೊಡುವುದು ಕ್ರಿಯಾದೀಕ್ಷೆ. ಒಂದು ಸ್ಪರ್ಶದ ದಾರಿ, ಒಂದು ಶ್ರವಣದ ದಾರಿ, ಒಂದು ಕೈಯ ದಾರಿ. ಕಿವುಡನಿಗೆ ಎರಡನೆಯದು ಮುಚ್ಚಿದ್ದರೆ ಮೊದಲನೆಯದೂ ಮೂರನೆಯದೂ ತೆರೆದಿವೆ. ಕೈಯಿಲ್ಲದವನಿಗೆ ಕೊರಳಿದೆ, ಎದೆಯಿದೆ. ಮುಟ್ಟಿದರೆ ಚೀರುವ ಮಗುವಿಗೆ ದೂರದಿಂದಲೇ ಪಿಸುಗುಡುವ ಮಂತ್ರವಿದೆ. ಮಂತ್ರವನ್ನು ಉಚ್ಚರಿಸಬೇಕಾದವನು ದೀಕ್ಷೆಯ ಹೊತ್ತಿನಲ್ಲಿ ಗುರುವೇ ಹೊರತು ಶಿಷ್ಯನಲ್ಲ. ಗರ್ಭದಲ್ಲಿರುವ ಶಿಶುವಿಗೇ ಲಿಂಗಧಾರಣೆಯ ಸಂಸ್ಕಾರವನ್ನು ಬಲ್ಲ ಪರಂಪರೆಯು ಮಾತು ಬಾರದ ಹತ್ತು ವರ್ಷದ ಬಾಲಕನಿಗೆ ಅರ್ಹತೆಯ ಪರೀಕ್ಷೆ ಇಡುವುದು ಅಸಂಗತ.

ಜಾತ್ರೆಯ ಮಾತು ಬೇರೆ. ಕುರುಗೋಡಿನ ದೊಡ್ಡಬಸವೇಶ್ವರನ ರಥೋತ್ಸವದ ದಿನ ಡೊಳ್ಳು, ಸಮಾಳ, ಜಯಘೋಷಗಳ ನಡುವೆ ಸದ್ದಿಗೆ ಹೆದರುವ ಮಗು ನಿಲ್ಲಲಾರದು. ಅದನ್ನು ಮನೆಯಲ್ಲಿಯೇ ಬಿಟ್ಟು ಬರುವುದು, ಇಲ್ಲವೇ ಮನೆಯವರಲ್ಲೊಬ್ಬರು ಜಾತ್ರೆಯನ್ನು ತಪ್ಪಿಸಿಕೊಳ್ಳುವುದು ರೂಢಿಯಾಗಿದೆ. ಆದರೆ ಆ ಗುಡಿಯಲ್ಲಿರುವುದು ಒಂದೇ ಕಲ್ಲಿನ ಮಹಾಬಸವ; ಅದು ತೇರಿನ ಜೊತೆಗೆ ಹೋಗುವುದಿಲ್ಲ. ತೇರಿನ ಮರುದಿನವೂ, ಬೆಳಗಿನ ಜಾವದ ನಿಶ್ಶಬ್ದದಲ್ಲಿಯೂ ಅದು ಅಲ್ಲಿಯೇ ಕುಳಿತಿರುತ್ತದೆ. ಆ ಹೊತ್ತಿನಲ್ಲಿ ಮಗುವನ್ನು ಕರೆದೊಯ್ದರೆ, ಬಸವನ ಕಲ್ಲುಮೈಯನ್ನು ನಿಟ್ಟಿಸುತ್ತ ಅದು ಎಷ್ಟು ಹೊತ್ತು ಬೇಕಾದರೂ ಕೂರಬಹುದು. ಬೇಗ ಏಳು ಎಂದು ಹಿಂದಿನಿಂದ ತಳ್ಳುವವರು ಆಗ ಯಾರೂ ಇರುವುದಿಲ್ಲ.